ಎಮಿಸಿಜುಮ್ಯಾಬ್: ಹಿಮೋಫಿಲಿಯಾ ‘ಎ’ ಇರುವ ಮನೆಯೊಂದರ ವಿಮರ್ಶೆ

ಹೆಮ್ಲಿಬ್ರಾ ಎಂಬ ಹೆಸರಿನಲ್ಲಿ ಬರುವ ಎಮಿಸಿಜುಮ್ಯಾಬ್ ಚುಚ್ಚುಮದ್ದು ಹಿಮೋಫಿಲಿಯಾ ‘ಎ’ಯನ್ನು, ಅಂದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ಕುಸುಮರೋಗದ ಒಂದು ಬಗೆಯನ್ನು, ವಾಸಿ ಮಾಡುವುದಿಲ್ಲ. ವಿಮರ್ಶೆಯನ್ನು ಇಂಥ ನಿರಾಸೆಯ ವಾಕ್ಯದಿಂದ ಆರಂಭಿಸಲು ಕಾರಣವಿದೆ. ಕುಸುಮರೋಗವಿರುವ ಮಕ್ಕಳ ತಂದೆತಾಯಿಯರ ನಡುವೆ ಈ ಔಷಧದ ಹೆಸರು ಹರಡಿದಷ್ಟು ಬೇಗ ಅದರ ಬಗೆಗಿನ ತಿಳಿವಳಿಕೆ ಹರಡಿಲ್ಲ. ‘ಇನ್ನು ಮೇಲೆ ಫ್ಯಾಕ್ಟರ್ ಬೇಕಿಲ್ಲವಂತೆ’ ಎಂಬ ಅರೆಸತ್ಯವನ್ನು ನಂಬಿ, ಫ್ರಿಜ್‌ನಲ್ಲಿದ್ದ ಫ್ಯಾಕ್ಟರ್ (ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್) ಸೀಸೆಗಳನ್ನು ಇತರರಿಗೆ ಕೊಟ್ಟು ಕೈತೊಳೆದುಕೊಂಡವರನ್ನೂ ಕಂಡಿದ್ದೇನೆ. ಔಷಧ ಮಾಡುವ ಕೆಲಸ ಒಂದೇ: ರಕ್ತಸ್ರಾವ ಆಗದಂತೆ ಮುಂಚಿತವಾಗಿ ತಡೆಯುವುದು. ಆ ಒಂದು ಕೆಲಸವನ್ನು ಅದು ಇದುವರೆಗಿನ ಯಾವ ಚಿಕಿತ್ಸೆಗಿಂತಲೂ ಕಡಿಮೆ ಕಿರುಕುಳದಿಂದ ಮಾಡುತ್ತದೆ ಎಂಬುದು ನನ್ನ ಅಭಿಪ್ರಾಯ, ಮತ್ತು ಈ ಅಭಿಪ್ರಾಯಕ್ಕೆ ಕೆಲವು ಗಂಭೀರವಾದ ಷರತ್ತುಗಳಿವೆ.

ನನಗೂ ಈ ಕಾಯಿಲೆ ಇದೆ, ನನ್ನ ಅಕ್ಕನ ಮಗನಿಗೂ ಇದೆ. ರಕ್ತ ಹೆಪ್ಪುಗಟ್ಟಲು ಬೇಕಾದ ಎಂಟನೆಯ ಫ್ಯಾಕ್ಟರ್‌ನ ಜೀನ್ ಎಕ್ಸ್ ಕ್ರೋಮೋಸೋಮ್‌ನಲ್ಲಿರುವುದರಿಂದ, ಸೋದರಮಾವನಿಗೂ ಸೋದರಳಿಯನಿಗೂ ಒಂದೇ ಕಾಯಿಲೆ ಬರುವುದು ಹಿಮೋಫಿಲಿಯಾ ಕುಟುಂಬಗಳಲ್ಲಿ ಮಾಮೂಲಿ ಸಂಗತಿ. ಆದರೂ ಸುಮಾರು ಮೂರನೆಯ ಒಂದು ಭಾಗದ ಪ್ರಕರಣಗಳಲ್ಲಿ ಮನೆತನದಲ್ಲಿ ಹಿಂದೆ ಯಾರಿಗೂ ಕಾಯಿಲೆ ಇದ್ದ ದಾಖಲೆ ಇರುವುದಿಲ್ಲ. ಇಬ್ಬರದೂ ತೀವ್ರ ಸ್ವರೂಪದ್ದು, ಅಂದರೆ ರಕ್ತದಲ್ಲಿ ಎಂಟನೆಯ ಫ್ಯಾಕ್ಟರ್‌ನ ಮಟ್ಟ ಸಾಮಾನ್ಯರ ಶೇಕಡಾ 1ಕ್ಕಿಂತ ಕಡಿಮೆ. ಫ್ಯಾಕ್ಟರ್ ಎಂಬುದು ನಮ್ಮ ಊರಿನ ಕಡೆ ಕೇಳಿಯೂ ಗೊತ್ತಿರದ ಕಾಲದಲ್ಲಿ ಬೆಳೆದ ನನ್ನ ಎಡ ಮೊಣಕಾಲು ಇಂದು ಪೂರ್ತಿ ಮಡಚುವುದಿಲ್ಲ. ಹುಡುಗನಿಗೆ ಎಮಿಸಿಜುಮ್ಯಾಬ್ ಸಿಗುತ್ತಿದೆ. ಔಷಧವನ್ನು ಅಳೆಯಲು ನನಗಿರುವ ಅಧಿಕಾರ ಇಷ್ಟೇ, ನಾನು ವೈದ್ಯನಲ್ಲ.

ಈ ಔಷಧ ಯಾವುದರ ಜಾಗಕ್ಕೆ ಬಂದಿದೆ ಎಂಬುದನ್ನು ತಿಳಿಯದೆ ಅದರ ಬೆಲೆ ತಿಳಿಯದು. ಹಿಮೋಫಿಲಿಯಾ ‘ಎ’ಗೆ ದಶಕಗಳಿಂದ ಇದ್ದ ಚಿಕಿತ್ಸೆಯೆಂದರೆ ಇಲ್ಲದ ಫ್ಯಾಕ್ಟರನ್ನು ರಕ್ತನಾಳದ ಮೂಲಕ ಒಳಗೆ ಕಳುಹಿಸುವುದು. ಸಾಮಾನ್ಯ ಫ್ಯಾಕ್ಟರ್ ಎಂಟರ ಪ್ರಮಾಣ 8ರಿಂದ 12 ಗಂಟೆಗಳಲ್ಲಿ ಅರ್ಧಕ್ಕೆ ಇಳಿಯುತ್ತದೆಯಾದ್ದರಿಂದ, ರಕ್ತಸ್ರಾವವನ್ನು ಮುಂಚಿತವಾಗಿ ತಡೆಯಬೇಕಾದರೆ ವಾರಕ್ಕೆ ಎರಡು ಮೂರು ಬಾರಿ ರಕ್ತನಾಳಕ್ಕೆ ಚುಚ್ಚಲೇಬೇಕು. ಎರಡು ವರ್ಷದ ಕೂಸಿನ ಕೈಯಲ್ಲಿ ರಕ್ತನಾಳ ಹುಡುಕುವುದೆಂದರೆ ಏನೆಂಬುದನ್ನು ಒಮ್ಮೆ ಕಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಬಹುಪಾಲು ಕುಟುಂಬಗಳು ಆ ಮುಂಜಾಗ್ರತೆಯ ಚಿಕಿತ್ಸೆಯವರೆಗೂ ಹೋಗಲಿಲ್ಲ. ಕೀಲು ಊದಿಕೊಂಡ ಮೇಲೆ, ನೋವು ತಡೆಯಲಾರದಾದ ಮೇಲೆ, ಬಸ್ಸು ಹಿಡಿದು ಜಿಲ್ಲಾ ಆಸ್ಪತ್ರೆಗೆ ಹೋಗಿ ಫ್ಯಾಕ್ಟರ್ ಹಾಕಿಸಿಕೊಂಡು ಬರುವುದೇ ರೂಢಿಯಾಯಿತು. ಆಸ್ಪತ್ರೆ ತಲುಪುವಷ್ಟರಲ್ಲಿ ಕೀಲಿನೊಳಗೆ ತುಂಬಿದ ರಕ್ತ ತನ್ನ ಕೆಲಸ ಆರಂಭಿಸಿರುತ್ತದೆ. ಅದರಲ್ಲಿನ ಕಬ್ಬಿಣದ ಅಂಶ ಕೀಲಿನ ಒಳಪೊರೆಯನ್ನು ಕೆರಳಿಸುತ್ತದೆ, ಕೆರಳಿದ ಪೊರೆ ದಪ್ಪವಾಗಿ ಇನ್ನಷ್ಟು ಸುಲಭವಾಗಿ ರಕ್ತ ಸುರಿಸುತ್ತದೆ, ಮೃದ್ವಸ್ಥಿ ಸವೆಯುತ್ತದೆ, ಮತ್ತು ಅದೇ ಮೊಣಕಾಲಿಗೋ ಕಣಕಾಲಿಗೋ ಮೇಲಿಂದ ಮೇಲೆ ರಕ್ತ ಇಳಿಯತೊಡಗುತ್ತದೆ. ರಕ್ತಸ್ರಾವ ಆದ ಮೇಲೆ ಕೊಡುವ ಚಿಕಿತ್ಸೆ ಜೀವ ಉಳಿಸುತ್ತದೆ, ಕೀಲನ್ನು ಉಳಿಸುವುದಿಲ್ಲ.

ಇದರ ಜೊತೆಗೆ ಇನ್ನೊಂದು ಸಂಕಟವಿತ್ತು. ತೀವ್ರ ಸ್ವರೂಪದ ಕಾಯಿಲೆ ಇರುವವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರ ದೇಹ, ಹೊರಗಿನಿಂದ ಬಂದ ಫ್ಯಾಕ್ಟರನ್ನು ಶತ್ರುವೆಂದು ಎಣಿಸಿ ಅದರ ವಿರುದ್ಧ ಪ್ರತಿಕಾಯಗಳನ್ನು ಬೆಳೆಸಿಕೊಳ್ಳುತ್ತದೆ. ಆಸ್ಪತ್ರೆಯಲ್ಲಿ ಇದನ್ನು ‘ಇನ್ಹಿಬಿಟರ್ ಬಂದಿದೆ’ ಎನ್ನುತ್ತಾರೆ. ಇನ್ಹಿಬಿಟರ್ ಬಂದವರಿಗೆ ಸಾಮಾನ್ಯ ಫ್ಯಾಕ್ಟರ್ ನಾಟುವುದಿಲ್ಲ, ಎಂಟನೆಯ ಫ್ಯಾಕ್ಟರನ್ನು ಬಿಟ್ಟು ಬೇರೆ ದಾರಿಯಲ್ಲಿ ರಕ್ತ ಹೆಪ್ಪುಗಟ್ಟಿಸುವ, ಅವರಿಗೆ ಬೇಕಾದ ಬೈಪಾಸಿಂಗ್ ಔಷಧಗಳು ಇನ್ನೂ ದುಬಾರಿ, ಫಲವೂ ಅನಿಶ್ಚಿತ.

ಎಮಿಸಿಜುಮ್ಯಾಬ್ ಈ ಎರಡೂ ತೊಡಕುಗಳನ್ನು ಬೇರೆ ದಾರಿಯಲ್ಲಿ ಹಾದುಹೋಗುತ್ತದೆ. ಅದು ಫ್ಯಾಕ್ಟರ್ ಅಲ್ಲವೇ ಅಲ್ಲ. ಎಂಟನೆಯ ಫ್ಯಾಕ್ಟರ್‌ನ ನಿಜವಾದ ಕಸುಬು ಒಂಬತ್ತನೆಯದನ್ನೂ ಹತ್ತನೆಯದನ್ನೂ ಸರಿಯಾದ ಜಾಗದಲ್ಲಿ ಪಕ್ಕಪಕ್ಕದಲ್ಲಿ ನಿಲ್ಲಿಸಿ, ಮೊದಲನೆಯದು ಎರಡನೆಯದನ್ನು ಚುರುಕುಗೊಳಿಸುವಂತೆ ಮಾಡುವುದು. ಜಪಾನಿನ ಚುಗಾಯ್ ಕಂಪನಿಯ ಸಂಶೋಧಕರು, ನಾರಾ ವೈದ್ಯಕೀಯ ವಿಶ್ವವಿದ್ಯಾಲಯದ ಮಿದೋರಿ ಶಿಮಾ ಅವರ ಸಹಯೋಗದಲ್ಲಿ, ಈ ನಿಲ್ಲಿಸುವ ಕೆಲಸವನ್ನು ಒಂದು ಪ್ರತಿಕಾಯದಿಂದ ಮಾಡಿಸಬಹುದೇ ಎಂದು ಯೋಚಿಸಿದರು. ಪ್ರತಿಕಾಯಕ್ಕೆ ಸಹಜವಾಗಿಯೇ ಎರಡು ತೋಳುಗಳಿರುತ್ತವೆ, ಎರಡೂ ಒಂದೇ ವಸ್ತುವನ್ನು ಹಿಡಿಯುತ್ತವೆ. ಇವರು ಒಂದು ತೋಳು ಚುರುಕಾದ ಒಂಬತ್ತನೆಯ ಫ್ಯಾಕ್ಟರನ್ನೂ ಇನ್ನೊಂದು ತೋಳು ಹತ್ತನೆಯದನ್ನೂ ಹಿಡಿಯುವಂತೆ, ಸಾವಿರಾರು ಜೋಡಿಗಳನ್ನು ಪರೀಕ್ಷಿಸಿ ಒಂದನ್ನು ಆರಿಸಿ ತಿದ್ದಿದರು. ಆರಂಭದ ವರ್ಷಗಳಲ್ಲಿ ಅದರ ಹೆಸರು ಎಸಿಇ910 ಎಂದಿತ್ತು. ರೂಪದಲ್ಲಿ ಎಂಟನೆಯ ಫ್ಯಾಕ್ಟರನ್ನು ಹೋಲದ ಕಾರಣ ಇನ್ಹಿಬಿಟರ್‌ಗಳು ಇದನ್ನು ಗುರುತಿಸುವುದಿಲ್ಲ. ಪ್ರತಿಕಾಯವಾದ್ದರಿಂದ ಚರ್ಮದಡಿ ಕೊಟ್ಟರೂ ರಕ್ತಕ್ಕೆ ಸೇರುತ್ತದೆ, ಸೇರಿದ್ದು ನಾಲ್ಕು ವಾರಗಳ ಹೊತ್ತಿಗೆ ಅರ್ಧವಷ್ಟೇ ಕಡಿಮೆಯಾಗುತ್ತದೆ. ಗಂಟೆಗಳ ಲೆಕ್ಕ ವಾರಗಳ ಲೆಕ್ಕವಾಗಿ ಬದಲಾದದ್ದು ಹೀಗೆ. ಅಮೆರಿಕದ ಔಷಧ ನಿಯಂತ್ರಕರು 2017ರ ನವೆಂಬರ್‌ನಲ್ಲಿ ಇನ್ಹಿಬಿಟರ್ ಇರುವವರಿಗೂ, 2018ರ ಅಕ್ಟೋಬರ್‌ನಲ್ಲಿ ಇಲ್ಲದವರಿಗೂ ಅನುಮತಿ ಕೊಟ್ಟರು. ಭಾರತಕ್ಕೆ ಇದು 2019ರಲ್ಲಿ ಬಂತು.

ಪರೀಕ್ಷೆಗಳ ಅಂಕಿಗಳನ್ನು ಓದುವಾಗ ಯಾವುದರ ಜೊತೆ ಹೋಲಿಸಲಾಗಿದೆ ಎಂಬುದನ್ನು ನೋಡಬೇಕು, ಏಕೆಂದರೆ ಜಾಹೀರಾತಿನ ಭಾಷೆ ಅಲ್ಲಿಯೇ ನುಸುಳುತ್ತದೆ. ಹೇವನ್ 1 ಎಂಬ ಪರೀಕ್ಷೆಯಲ್ಲಿ ಇನ್ಹಿಬಿಟರ್ ಇದ್ದವರ ಪೈಕಿ ಔಷಧ ಪಡೆದವರಿಗೆ ವರ್ಷಕ್ಕೆ ಸರಾಸರಿ 2.9 ರಕ್ತಸ್ರಾವಗಳಾದರೆ, ಮುಂಜಾಗ್ರತೆಯ ಚಿಕಿತ್ಸೆ ಇಲ್ಲದವರಿಗೆ 23.3 ಆದವು. ಇನ್ಹಿಬಿಟರ್ ಇಲ್ಲದವರ ಮೇಲೆ ನಡೆದ ಹೇವನ್ 3ರಲ್ಲಿ ವಾರಕ್ಕೊಮ್ಮೆ ಪಡೆದವರಿಗೆ 1.5, ಮುಂಜಾಗ್ರತೆಯ ಚಿಕಿತ್ಸೆ ಪಡೆಯದವರಿಗೆ 38.2. ಶೇಕಡಾ 96ರಷ್ಟು ಇಳಿಕೆ ಎಂದು ಎಲ್ಲೆಡೆ ಉದ್ಧರಿಸುವ ಅಂಕಿ ಇದೇ. ಆದರೆ ಅದೇ ಪರೀಕ್ಷೆಯಲ್ಲಿ ಮೊದಲು ನಿಯಮಿತವಾಗಿ ಫ್ಯಾಕ್ಟರ್ ಪಡೆಯುತ್ತಿದ್ದು ನಂತರ ಇದಕ್ಕೆ ಬದಲಾದವರನ್ನು ಅವರ ಹಳೆಯ ದಾಖಲೆಯೊಂದಿಗೇ ಹೋಲಿಸಿದಾಗ ಇಳಿಕೆ ಶೇಕಡಾ 68 ಮಾತ್ರ. ಜರ್ಮನಿಯ ಅಥವಾ ಸ್ವೀಡನ್ನಿನ ಓದುಗನಿಗೆ ಎರಡನೆಯ ಅಂಕಿ ಹೆಚ್ಚು ಪ್ರಾಮಾಣಿಕವಾದದ್ದು. ನಮ್ಮಲ್ಲಿ ಬಹುತೇಕರು ಬಾವು ಬಂದ ಮೇಲೆಯೇ ಫ್ಯಾಕ್ಟರ್ ಕಂಡವರಾದ್ದರಿಂದ, ವಿಷಾದದ ಸಂಗತಿಯೆಂದರೆ, ನಮಗೆ ಹೊಂದುವುದು ಮೊದಲನೆಯ ಹೋಲಿಕೆಯೇ.

ಇನ್ನು ಬಳಕೆಯ ಅನುಭವ. ಮೊದಲ ನಾಲ್ಕು ವಾರ ದೇಹತೂಕದ ಪ್ರತಿ ಕಿಲೋಗೆ 3 ಮಿಲಿಗ್ರಾಂನಂತೆ ವಾರಕ್ಕೊಮ್ಮೆ ಕೊಡುತ್ತಾರೆ. ಆಮೇಲೆ ವಾರಕ್ಕೊಮ್ಮೆ 1.5, ಎರಡು ವಾರಕ್ಕೊಮ್ಮೆ 3, ಅಥವಾ ನಾಲ್ಕು ವಾರಕ್ಕೊಮ್ಮೆ 6 ಮಿಲಿಗ್ರಾಂ ಎಂಬ ಮೂರು ಕ್ರಮಗಳಲ್ಲಿ ಒಂದನ್ನು ಆರಿಸಬಹುದು. ಮೂರರಲ್ಲಿ ಯಾವುದು ಎಂಬ ತೀರ್ಮಾನವನ್ನು ಅನೇಕರು ಚುಚ್ಚುವ ಸಂಖ್ಯೆಯನ್ನಷ್ಟೇ ನೋಡಿ ಮಾಡುತ್ತಾರೆ. ಸೀಸೆಗಳ ಗಾತ್ರವನ್ನೂ ನೋಡುವುದು ಲೇಸು. ಸಾಮಾನ್ಯವಾಗಿ ದೊರೆಯುವ ಸೀಸೆಗಳು 30, 60, 105 ಮತ್ತು 150 ಮಿಲಿಗ್ರಾಂನವು, ಮತ್ತು ಒಮ್ಮೆ ತೆರೆದ ಸೀಸೆಯಲ್ಲಿ ಉಳಿದದ್ದನ್ನು ಮುಂದಿನ ಬಾರಿಗೆ ಇಟ್ಟುಕೊಳ್ಳುವಂತಿಲ್ಲ. ಮಗು 20 ಕಿಲೋ ಇದ್ದರೆ ಎರಡು ವಾರಕ್ಕೊಮ್ಮೆ 60 ಮಿಲಿಗ್ರಾಂ, ಅಂದರೆ ಸರಿಯಾಗಿ ಒಂದು ಸೀಸೆ. ಅದೇ ಮಗು 25 ಕಿಲೋ ಆದಾಗ ಎರಡು ವಾರದ ಲೆಕ್ಕ 75 ಮಿಲಿಗ್ರಾಂ ಆಗಿ, 60 ಮತ್ತು 30ರ ಎರಡು ಸೀಸೆ ಒಡೆದು 15 ಮಿಲಿಗ್ರಾಂ ಚೆಲ್ಲಬೇಕಾಗುತ್ತದೆ. ನಾಲ್ಕು ವಾರದ ಕ್ರಮಕ್ಕೆ ಬದಲಾದರೆ 150ರ ಒಂದೇ ಸೀಸೆಯಲ್ಲಿ ಮುಗಿಯುತ್ತದೆ. ಇದಲ್ಲದೆ 30 ಮಿಲಿಗ್ರಾಂ ಸೀಸೆಯ ದ್ರಾವಣ ಉಳಿದವುಗಳಿಗಿಂತ ತೆಳುವಾದದ್ದು, ಅದನ್ನು ಬೇರೆ ಸೀಸೆಯದರೊಂದಿಗೆ ಒಂದೇ ಸಿರಿಂಜಿನಲ್ಲಿ ಬೆರೆಸಬಾರದು. ಹಾಗಾಗಿ ಈ ಬದಲಾವಣೆಯಿಂದ ಮಗುವಿಗೆ ನಾಲ್ಕು ವಾರದಲ್ಲಿ ನಾಲ್ಕು ಚುಚ್ಚಿನ ಬದಲು ಒಂದೇ ಸಾಕಾಗುತ್ತದೆ. ಇಷ್ಟು ದುಬಾರಿಯಾದ ದ್ರವವನ್ನು ಚೆಲ್ಲುವುದು ಮನಸ್ಸಿಗೆ ಒಗ್ಗದ ಕೆಲಸ, ಆದ್ದರಿಂದ ತೂಕ ಹೆಚ್ಚಿದಂತೆಲ್ಲ ವೈದ್ಯರೊಂದಿಗೆ ಕುಳಿತು ಕ್ರಮವನ್ನು ಮರುಪರಿಶೀಲಿಸುವುದು ಸರಿ. ನೆನಪಿಡಬೇಕಾದ ವ್ಯತ್ಯಾಸವೊಂದಿದೆ: ಹೇವನ್ 4ರಲ್ಲಿ ನಾಲ್ಕು ವಾರದ ಕ್ರಮವೂ ಚೆನ್ನಾಗಿಯೇ ಕೆಲಸ ಮಾಡಿತು, ಶೇಕಡಾ 56ರಷ್ಟು ಮಂದಿಗೆ ಚಿಕಿತ್ಸೆ ಬೇಕಾಗುವಂಥ ರಕ್ತಸ್ರಾವವೇ ಆಗಲಿಲ್ಲ, ಆದರೂ ನಾಲ್ಕನೆಯ ವಾರದ ಕೊನೆಗೆ ಔಷಧದ ಮಟ್ಟ ಉಳಿದ ಎರಡು ಕ್ರಮಗಳಿಗಿಂತ ತುಸು ಕೆಳಗಿಳಿಯುತ್ತದೆ.

ಚುಚ್ಚುವುದು ಹೊಟ್ಟೆಯ ಅಥವಾ ತೊಡೆಯ ಚರ್ಮದಡಿ. ತೋಳಿನ ಹೊರಭಾಗಕ್ಕೆ ಬೇರೆಯವರು ಕೊಡಬಹುದು. ನಮ್ಮ ಅಕ್ಕ ಇದನ್ನು ಬೇಗನೆ ಕಲಿತಳು, ರಕ್ತನಾಳಕ್ಕೆ ಫ್ಯಾಕ್ಟರ್ ಹಾಕುವುದನ್ನು ಕಲಿಯಲು ಆಕೆಗೆ ಧೈರ್ಯವೇ ಬಂದಿರಲಿಲ್ಲ. ಚುಚ್ಚಿದ ಜಾಗ ಕೆಂಪಾಗುವುದು, ತುರಿಸುವುದು ಈ ಔಷಧದ ಅತಿ ಸಾಮಾನ್ಯ ಅಡ್ಡಪರಿಣಾಮ, ಹುಡುಗನಿಗೆ ಆರಂಭದ ಕೆಲವು ಬಾರಿ ಆಗಿ ನಿಂತಿತು. ಸೀಸೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು, ಕುಲುಕಬಾರದು, ಹೆಪ್ಪುಗಟ್ಟಿಸಬಾರದು. ತೆರೆಯದ ಸೀಸೆ ಫ್ರಿಜ್‌ನ ಹೊರಗೆ ಒಟ್ಟು 7 ದಿನ ಇರಬಹುದೆಂದು ಸೂಚನಾಪತ್ರ ಹೇಳುತ್ತದೆ, ಆದರೆ ಉಷ್ಣತೆ 30 ಡಿಗ್ರಿ ಮೀರದಿದ್ದರೆ ಮಾತ್ರ. ಏಪ್ರಿಲ್ ತಿಂಗಳಲ್ಲಿ ರಾಯಚೂರಿನಲ್ಲೋ ಕಲಬುರಗಿಯಲ್ಲೋ ಇರುವವರಿಗೆ ಈ ವಿನಾಯಿತಿಯಿಂದ ಕಾಸಿನ ಪ್ರಯೋಜನವಿಲ್ಲ. ಕರೆಂಟು ಹೋಗುವ ಊರಿನಲ್ಲಿ ಐಸ್ ಪೆಟ್ಟಿಗೆಯೊಂದನ್ನು ಸಿದ್ಧವಾಗಿ ಇಟ್ಟುಕೊಳ್ಳುವುದು ಅನಿವಾರ್ಯ.

ಫಲಿತಾಂಶ? ಹುಡುಗನಿಗೆ ತಾನಾಗಿಯೇ ಕೀಲಿಗೆ ರಕ್ತ ಇಳಿಯುವುದು ಬಹುಮಟ್ಟಿಗೆ ನಿಂತಿದೆ. ಶಾಲೆಗೆ ತಪ್ಪದೆ ಹೋಗುತ್ತಾನೆ, ಸೈಕಲ್ ಹೊಡೆಯುತ್ತಾನೆ, ಮತ್ತು ಅವನ ತಾಯಿ ರಾತ್ರಿ ಎದ್ದು ಅವನ ಮೊಣಕಾಲು ಮುಟ್ಟಿ ಬಿಸಿಯಾಗಿದೆಯೇ ಎಂದು ನೋಡುವುದನ್ನು ಬಿಟ್ಟಿದ್ದಾಳೆ. ಈ ಕೊನೆಯ ಬದಲಾವಣೆಯನ್ನು ಯಾವ ಪರೀಕ್ಷೆಯೂ ಅಳೆಯಲಿಲ್ಲವಾದರೂ ನನ್ನ ದೃಷ್ಟಿಯಲ್ಲಿ ಔಷಧದ ಹಿರಿಮೆ ಹೆಚ್ಚಾಗಿ ಇರುವುದು ಅಲ್ಲಿಯೇ. ಈಗಾಗಲೇ ಕೆಟ್ಟಿರುವ ಕೀಲನ್ನು ಇದು ಸರಿಪಡಿಸುವುದಿಲ್ಲ. ನನ್ನಂಥವರಿಗೆ ಇಂದಿಗೂ ಫಿಸಿಯೋಥೆರಪಿಯೇ ಗತಿ. ಒಂದು ವರ್ಷದೊಳಗಿನ ಕೂಸುಗಳಲ್ಲಿ ಇದನ್ನು ಆರಂಭಿಸುವ ಬಗ್ಗೆ ನಡೆದ ಹೇವನ್ 7 ಪರೀಕ್ಷೆ ನನಗೆ ಅತಿ ಮುಖ್ಯವೆನಿಸುವುದು ಇದೇ ಕಾರಣಕ್ಕೆ. ಮಗು ಅಂಬೆಗಾಲಿಡುವ ಮೊದಲೇ ರಕ್ಷಣೆ ಸಿಕ್ಕರೆ ಕೀಲು ಕೆಡುವ ಮೊದಲ ಸಂದರ್ಭವೇ ತಪ್ಪಬಹುದು.

ಈಗ ಷರತ್ತುಗಳು. ಔಷಧ ಪಡೆಯುತ್ತಿರುವ ತೀವ್ರ ಸ್ವರೂಪದ ರೋಗಿಯ ಸ್ಥಿತಿ ಸ್ಥೂಲವಾಗಿ ಸೌಮ್ಯ ಹಿಮೋಫಿಲಿಯಾ ಇರುವವನ ಸ್ಥಿತಿಗೆ ಹತ್ತಿರ ಬರುತ್ತದೆ, ಆರೋಗ್ಯವಂತನ ಸ್ಥಿತಿಗೆ ಅಲ್ಲ. ತಲೆಗೆ ಪೆಟ್ಟು ಬಿದ್ದರೆ, ಅಪಘಾತವಾದರೆ, ದೊಡ್ಡ ಶಸ್ತ್ರಚಿಕಿತ್ಸೆ ಬೇಕಾದರೆ ಫ್ಯಾಕ್ಟರ್ ಎಂಟೇ (ಇನ್ಹಿಬಿಟರ್ ಇದ್ದರೆ ಬೈಪಾಸಿಂಗ್ ಔಷಧ) ಬೇಕು, ತಕ್ಷಣವೇ ಬೇಕು. ಆಗ ‘ಎರಡು ದಿನದ ಹಿಂದೆ ತಾನೇ ಇಂಜೆಕ್ಷನ್ ಆಗಿದೆ’ ಎಂದು ಕಾಯುವುದು ಅಪಾಯ, ಇದರ ಒಂದು ಡೋಸ್ ಹೆಚ್ಚುವರಿಯಾಗಿ ಕೊಟ್ಟರೂ ಆ ಹೊತ್ತಿಗೆ ರಕ್ತ ನಿಲ್ಲುವುದಿಲ್ಲ. ರಕ್ತನಾಳಕ್ಕೆ ಚುಚ್ಚುವ ಅಭ್ಯಾಸ ತಪ್ಪಿದ ಮನೆಗಳು ಈ ವಿಚಾರದಲ್ಲಿ ವಿಶೇಷವಾಗಿ ಎಚ್ಚರದಿಂದಿರಬೇಕು.

ಇನ್ಹಿಬಿಟರ್ ಇರುವವರಿಗೆ ಇನ್ನೂ ದೊಡ್ಡ ಎಚ್ಚರಿಕೆ ಇದೆ. ಹೇವನ್ 1ರಲ್ಲಿ ಎಮಿಸಿಜುಮ್ಯಾಬ್ ಜೊತೆಗೆ ಎಪಿಸಿಸಿ ಎಂಬ ಬೈಪಾಸಿಂಗ್ ಔಷಧವನ್ನು ದಿನಕ್ಕೆ ಕಿಲೋಗೆ 100 ಯೂನಿಟ್‌ಗಿಂತ ಹೆಚ್ಚಾಗಿ, ಒಂದು ದಿನಕ್ಕಿಂತ ಹೆಚ್ಚು ಕಾಲ ಪಡೆದ ಕೆಲವರಲ್ಲಿ ರಕ್ತನಾಳಗಳಲ್ಲಿ ಹೆಪ್ಪು ಕಟ್ಟಿತು, ಸಣ್ಣ ರಕ್ತನಾಳಗಳು ಹಾನಿಗೊಂಡವು. ಫೈಬಾ ಎಂಬ ಹೆಸರಿನಲ್ಲಿ ಬರುವ ಈ ಔಷಧವನ್ನು ಕೊನೆಯ ಡೋಸ್ ಆದ ಆರು ತಿಂಗಳವರೆಗೂ ಸಾಧ್ಯವಾದಷ್ಟು ತಪ್ಪಿಸಬೇಕು. ರಾತ್ರಿ ಪಾಳಿಯ ವೈದ್ಯರಿಗೆ ಇದು ಗೊತ್ತಿರುತ್ತದೆಂದು ಭಾವಿಸದೆ, ರೋಗಿಯ ಜೇಬಿನಲ್ಲಿ ಒಂದು ಕಾರ್ಡ್ ಇರಬೇಕು.

ಪ್ರಯೋಗಾಲಯದ ವರದಿ ತರುವ ಗೊಂದಲ ಬೇರೆಯದು. ಎಂಟನೆಯ ಫ್ಯಾಕ್ಟರ್ ಕೆಲಸಕ್ಕೆ ಇಳಿಯಬೇಕಾದರೆ ಮೊದಲು ದೇಹ ಅದನ್ನು ಚುರುಕುಗೊಳಿಸಬೇಕು. ಎಮಿಸಿಜುಮ್ಯಾಬ್‌ಗೆ ಆ ಹಂತವೇ ಬೇಕಿಲ್ಲ. ಹಾಗಾಗಿ ರಕ್ತ ಹೆಪ್ಪುಗಟ್ಟುವ ಸಮಯವನ್ನು ಅಳೆಯುವ ಎಪಿಟಿಟಿ ಪರೀಕ್ಷೆ ಔಷಧ ಪಡೆದವರಲ್ಲಿ ಹುಸಿಯಾಗಿ ಚೆನ್ನಾಗಿ ಕಾಣುತ್ತದೆ, ಅದನ್ನೇ ಆಧರಿಸಿದ ಫ್ಯಾಕ್ಟರ್ ಎಂಟರ ಸಾಮಾನ್ಯ ಪರೀಕ್ಷೆಯೂ ದಾರಿ ತಪ್ಪಿಸುತ್ತದೆ, ಇನ್ಹಿಬಿಟರ್ ಪರೀಕ್ಷೆ ಇದ್ದದ್ದನ್ನು ಇಲ್ಲವೆನ್ನಬಹುದು. ದನದ ಮೂಲದ ಕಾರಕಗಳನ್ನು ಬಳಸಿ ಬಣ್ಣದ ಬದಲಾವಣೆಯಿಂದ ಅಳೆಯುವ ಕ್ರೋಮೋಜೆನಿಕ್ ಪರೀಕ್ಷೆಯೊಂದೇ ಭರವಸೆಯದು. ಹುಡುಗನಿಗೆ ಹಲ್ಲು ಕೀಳಬೇಕಾಗಿ ಬಂದಾಗ ಒಂದು ಖಾಸಗಿ ಕ್ಲಿನಿಕ್‌ನವರು ಎಪಿಟಿಟಿ ವರದಿ ನೋಡಿ ‘ಇವನಿಗೆ ಏನೂ ತೊಂದರೆಯಿಲ್ಲ’ ಎಂದು ಮುಂದುವರಿಯಲು ಹೊರಟಿದ್ದರು. ನಮ್ಮ ಹಿಮೋಫಿಲಿಯಾ ಕೇಂದ್ರದ ವೈದ್ಯರು ದೂರವಾಣಿಯಲ್ಲಿ ತಡೆದು, ಕಟ್ಟಿದ ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಮ್ಲವನ್ನೂ ಫ್ಯಾಕ್ಟರನ್ನೂ ಸಿದ್ಧಪಡಿಸಿದ ಮೇಲೆ ಹಲ್ಲು ಕೀಳಲಾಯಿತು. ಔಷಧದ ತಪ್ಪು ಇದರಲ್ಲಿಲ್ಲ. ಆದರೆ ಪರಿಣತಿಯುಳ್ಳ ಕೇಂದ್ರವೊಂದರ ನಂಟಿಲ್ಲದೆ, ಬರೀ ಅಂಗಡಿಯಿಂದ ಕೊಂಡು ಬಳಸುವ ವಸ್ತು ಇದಲ್ಲ. ಕರ್ನಾಟಕದಲ್ಲಿ ಇಂಥ ನಂಟು ಬೆಳೆಯಲು, ಸ್ವತಃ ಹಿಮೋಫಿಲಿಯಾ ಇರುವ ಪೆಥಾಲಜಿ ಪ್ರಾಧ್ಯಾಪಕ ಡಾ. ಸುರೇಶ್ ಹನಗವಾಡಿಯವರು ದಾವಣಗೆರೆಯಲ್ಲಿ ಮುನ್ನಡೆಸಿದ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯ ಕೆಲಸ ದೊಡ್ಡ ಕಾರಣ.

ಹಿಮೋಫಿಲಿಯಾ ‘ಬಿ’ ಇರುವವರಿಗೆ ಇದು ಉಪಯೋಗವಿಲ್ಲ. ಅವರಲ್ಲಿ ಕೊರತೆ ಇರುವುದು ಈ ಪ್ರತಿಕಾಯ ಹಿಡಿಯಬೇಕಾದ ಒಂಬತ್ತನೆಯ ಫ್ಯಾಕ್ಟರ್‌ನದೇ.

ಕಾದು ನೋಡಿ ಜೀನ್ ಚಿಕಿತ್ಸೆಯನ್ನೇ ಪಡೆಯಬಹುದಲ್ಲ ಎಂದು ಕೇಳುವವರಿದ್ದಾರೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಡಾ. ಅಲೋಕ್ ಶ್ರೀವಾಸ್ತವ ಅವರ ತಂಡ ಐವರು ವಯಸ್ಕರ ರಕ್ತಮೂಲ ಕೋಶಗಳನ್ನು ಹೊರತೆಗೆದು, ಲೆಂಟಿವೈರಸ್ ವಾಹಕದ ಮೂಲಕ ಎಂಟನೆಯ ಫ್ಯಾಕ್ಟರ್‌ನ ಜೀನ್ ಸೇರಿಸಿ ಮರಳಿ ಕೊಟ್ಟ ಪ್ರಯೋಗದ ವರದಿ 2024ರ ಡಿಸೆಂಬರ್‌ನಲ್ಲಿ ಪ್ರಕಟವಾಯಿತು. ಕೋಶಗಳು ನೆಲೆಯೂರಿದ ಮೇಲೆ ಐವರಲ್ಲಿ ಯಾರಿಗೂ ರಕ್ತಸ್ರಾವವಾಗಲಿಲ್ಲ. ನಮ್ಮ ದೇಶದಲ್ಲಿಯೇ ನಡೆದ ಈ ಕೆಲಸದ ಬಗ್ಗೆ ಹೆಮ್ಮೆ ಪಡಲು ಕಾರಣವಿದೆ. ಆದರೆ ಅದಕ್ಕೆ ಮೊದಲು ಪ್ರಬಲವಾದ ಕೀಮೋಥೆರಪಿ ಬೇಕು, ಮತ್ತು ಐದು ಜನ ಐದು ಜನವೇ. 2023ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ರಾಕ್ಟೇವಿಯನ್ ಎಂಬ ಜೀನ್ ಚಿಕಿತ್ಸೆ ವಯಸ್ಕರಿಗೆ ಮಾತ್ರ. ಅದರಿಂದ ಏರಿದ ಫ್ಯಾಕ್ಟರ್ ಮಟ್ಟ ವರ್ಷಗಳು ಕಳೆದಂತೆ ಇಳಿಯುತ್ತ ಬರುವುದು ಕಂಡುಬಂದಿದೆ. ಬೆಳೆಯುತ್ತಿರುವ ಮಗುವಿನ ಕೀಲು ಇಷ್ಟು ವರ್ಷ ಕಾಯುವುದಿಲ್ಲ. ವಾರಕ್ಕೊಮ್ಮೆ ಸಾಕಾಗುವ ಎಫನೆಸಾಕ್ಟಾಕಾಗ್ ಎಂಬ ಹೊಸ ಫ್ಯಾಕ್ಟರ್ ಕೂಡ 2023ರಲ್ಲಿ ಬಂದಿದೆ. ಅದು ರಕ್ತನಾಳಕ್ಕೇ ಹೋಗಬೇಕಾದರೂ, ಆಟೋಟದಲ್ಲಿ ತೊಡಗುವ ದೊಡ್ಡ ಹುಡುಗರಿಗೆ ಎಮಿಸಿಜುಮ್ಯಾಬ್‌ಗಿಂತ ಹೆಚ್ಚಿನ ರಕ್ಷಣೆ ಕೊಡಬಲ್ಲದೆಂದು ನನಗನಿಸುತ್ತದೆ, ನಮ್ಮ ಕೈಗೆಟುಕುವಂತಾದರೆ.

ಕೈಗೆಟುಕುವುದು, ಕೊನೆಗೆ, ಎಮಿಸಿಜುಮ್ಯಾಬ್‌ನದೂ ಪ್ರಶ್ನೆಯೇ. ಸ್ವಂತ ಹಣದಲ್ಲಿ ಜೀವನಪೂರ್ತಿ ಕೊಳ್ಳುವುದು ಮಧ್ಯಮವರ್ಗಕ್ಕೆ ಆಗದ ಮಾತು. ವಿಶ್ವ ಹಿಮೋಫಿಲಿಯಾ ಒಕ್ಕೂಟದ ನೆರವಿನ ಕಾರ್ಯಕ್ರಮಕ್ಕೆ, ಇದನ್ನು ಮಾರುವ ರೋಷ್ ಕಂಪನಿ ದಾನ ಕೊಟ್ಟ ಔಷಧ ಕೆಲವರಿಗೆ ತಲುಪಿದೆ, ಸರ್ಕಾರದ ಖರೀದಿಯಿಂದ ಇನ್ನು ಕೆಲವರಿಗೆ. ಕೇರಳ 2024ರಲ್ಲಿ 18 ವರ್ಷದೊಳಗಿನ ಹಿಮೋಫಿಲಿಯಾ ‘ಎ’ ಮಕ್ಕಳಿಗೆಲ್ಲ ಇದನ್ನು ಉಚಿತವಾಗಿ ಕೊಡಲು ತೀರ್ಮಾನಿಸಿತು. ಹಿಮೋಫಿಲಿಯಾವನ್ನು ಅಂಗವೈಕಲ್ಯಗಳ ಪಟ್ಟಿಗೆ ಸೇರಿಸಿದ 2016ರ ಕಾಯ್ದೆಯನ್ನು ಉಳಿದ ರಾಜ್ಯಗಳು ಓದಬೇಕಾದ ರೀತಿ ಅದೇ ಎಂದು ನಾನು ತಿಳಿಯುತ್ತೇನೆ. ಶಿಫಾರಸಿಗಿಂತ ಕಡಿಮೆ ಪ್ರಮಾಣದಲ್ಲಿ ಕೊಟ್ಟರೂ ಸಾಕಷ್ಟು ರಕ್ಷಣೆ ಸಿಗುವುದೇ ಎಂದು ಭಾರತ, ಥಾಯ್ಲೆಂಡ್‌ಗಳ ವೈದ್ಯರು ಸಣ್ಣ ಅಧ್ಯಯನಗಳಲ್ಲಿ ಪರೀಕ್ಷಿಸುತ್ತಿದ್ದಾರೆ, ಆರಂಭದ ಫಲಿತಾಂಶಗಳು ಆಶಾದಾಯಕವಾಗಿವೆ. ಆದರೆ ಪ್ರಮಾಣ ತಗ್ಗಿಸುವುದು ವೈದ್ಯರ ನಿಗಾದಲ್ಲಿ ಆಗಬೇಕಾದ ಕೆಲಸ. ಮನೆಯವರು ಸೀಸೆ ಉಳಿಸಲು ಮಾಡುವುದಲ್ಲ.

ಹೀಗಾಗಿ ಮೊದಲ ಡೋಸ್ ಪಡೆಯುವ ಮುನ್ನ ಆಸ್ಪತ್ರೆಯಲ್ಲಿ ಕೇಳಬೇಕಾದದ್ದು ಮುಂದಿನ ವರ್ಷದ ಸರಬರಾಜು ಎಲ್ಲಿಂದ ಬರುತ್ತದೆ ಎಂಬುದನ್ನು. ಫ್ಯಾಕ್ಟರ್ ಮುಗಿದರೆ ಎರಡು ಮೂರು ದಿನದಲ್ಲಿ ದೇಹ ತಿಳಿಸಿಬಿಡುತ್ತದೆ. ಎಮಿಸಿಜುಮ್ಯಾಬ್ ನಿಂತಾಗ ಅದರ ಮಟ್ಟ ತಿಂಗಳುಗಟ್ಟಲೆ ನಿಧಾನವಾಗಿ ಇಳಿಯುವುದರಿಂದ, ಹುಡುಗ ಎಂದಿನಂತೆ ಓಡಾಡುತ್ತಲೇ ಇರುತ್ತಾನೆ, ಮನೆಯವರು ರಕ್ಷಣೆ ಇನ್ನೂ ಇದೆಯೆಂದೇ ನಂಬಿರುತ್ತಾರೆ. ಆದ್ದರಿಂದ ಸರಬರಾಜು ತಪ್ಪಿದರೆ, ಕೀಲಿಗೆ ಮೊದಲ ಬಾವು ಬರುವವರೆಗೆ ಕಾಯದೆ, ಫ್ಯಾಕ್ಟರ್ ಮರಳಿ ಆರಂಭಿಸುವ ದಿನಾಂಕವನ್ನು ಕೇಂದ್ರದ ವೈದ್ಯರಿಂದ ಆಗಲೇ ಬರೆಸಿಕೊಳ್ಳಬೇಕು.